ಹೋಂಡಾ ಸಿವಿಕ್ ಎಂಜಿನ್ ಬದಲಾವಣೆ

ಹೋಂಡಾ ಸಿವಿಕ್ ಎಂಜಿನ್ ಬದಲಾವಣೆ ಎಂದರೆ ಸಿವಿಕ್ ಕಾರಿನ ಮೂಲ ಎಂಜಿನ್ನನ್ನು ತೆಗೆದು, ಅದೇ ಕಂಪನಿಯ ಹೆಚ್ಚು ಶಕ್ತಿಯ ಬೇರೊಂದು ಎಂಜಿನ್ನನ್ನು ಅಳವಡಿಸುವ ಕ್ರಮವಾಗಿದೆ. 1990ರ ದಶಕದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ, ವಿಶೇಷವಾಗಿ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ, ಬೆಳೆದ ಸ್ಪೋರ್ಟ್ ಕಾಂಪ್ಯಾಕ್ಟ್ ಹವ್ಯಾಸದ ಮುಖ್ಯ ಅಂಗ ಇದು. ಈ ಲೇಖನವು ಐದನೇ ಮತ್ತು ಆರನೇ ಪೀಳಿಗೆಯ ಸಿವಿಕ್‌ಗಳಿಗೆ (1992–2000) ಮಿತ ವೆಚ್ಚದಲ್ಲಿ ಎಂಜಿನ್ ಆರಿಸುವ ಬಗೆಯನ್ನು ವಿವರಿಸುತ್ತದೆ. ಇಲ್ಲಿ ಎಂಜಿನ್ನಿನ ಖರೀದಿ ಬೆಲೆಗಿಂತ ಅಳವಡಿಕೆಯ ಒಟ್ಟು ವೆಚ್ಚವೇ ನಿರ್ಣಾಯಕವಾಗುತ್ತದೆ.

ಹಿನ್ನೆಲೆ

ಈ ಪೀಳಿಗೆಗಳ ಸಿವಿಕ್ ಹಗುರವಾದ, ಮುಂಚಕ್ರ ಚಾಲನೆಯ ಕಾರು. ಅಮೆರಿಕದಲ್ಲಿ ಮಾರಾಟವಾದ ಬಹುತೇಕ ಮಾದರಿಗಳಲ್ಲಿ ಒಂದೇ ಕ್ಯಾಮ್‌ಶಾಫ್ಟಿನ ಡಿ-ಸರಣಿಯ ಎಂಜಿನ್ ಇತ್ತು. 1992ರ ಡಿಎಕ್ಸ್ ಮಾದರಿಯ ಶಕ್ತಿ 102 ಅಶ್ವಶಕ್ತಿ ಮಾತ್ರ. ಆದರೆ ಇದೇ ಕಾಲದ ಇಂಟೆಗ್ರಾ ಕಾರಿನಲ್ಲಿ (1994–2001) ಎರಡು ಕ್ಯಾಮ್‌ಶಾಫ್ಟಿನ ಬಿ-ಸರಣಿಯ ಎಂಜಿನ್ ಇದ್ದಿತು. ಎರಡೂ ಕಾರುಗಳ ರಚನೆಯಲ್ಲಿ ಹೋಲಿಕೆಯಿರುವುದರಿಂದ, ಹೋಂಡಾದ್ದೇ ಬ್ರಾಕೆಟ್‌ಗಳನ್ನು ಬಳಸಿ ಬಿ-ಸರಣಿಯನ್ನು ಸಿವಿಕ್‌ನಲ್ಲಿ ಕೂರಿಸಲು ಸಾಧ್ಯವಾಯಿತು. ಜಪಾನಿನಿಂದ ಬಳಸಿದ ಎಂಜಿನ್‌ಗಳ ಆಮದು ಈ ಹವ್ಯಾಸಕ್ಕೆ ನೆರವಾಯಿತು. 2001ರ ‘ದ ಫಾಸ್ಟ್ ಅಂಡ್ ದ ಫ್ಯೂರಿಯಸ್’ ಚಲನಚಿತ್ರವು ಇದನ್ನು ಹೆಚ್ಚು ಜನರಿಗೆ ಪರಿಚಯಿಸಿತು.

ಶಕ್ತಿ, ಟಾರ್ಕ್ ಮತ್ತು ವೇಗ

ಎಂಜಿನ್ನಿನ ಶಕ್ತಿಯು ಅದರ ಟಾರ್ಕ್ ಮತ್ತು ತಿರುಗುವ ವೇಗಗಳ ಗುಣಲಬ್ಧವನ್ನು ಅವಲಂಬಿಸಿದೆ. ನ್ಯೂಟನ್ ಮೀಟರ್‌ಗಳಲ್ಲಿರುವ ಟಾರ್ಕನ್ನು ನಿಮಿಷದ ಸುತ್ತುಗಳಿಂದ ಗುಣಿಸಿ, 9549ರಿಂದ ಭಾಗಿಸಿದರೆ ಕಿಲೋವ್ಯಾಟ್‌ಗಳಲ್ಲಿ ಶಕ್ತಿ ದೊರೆಯುತ್ತದೆ. ಆದ್ದರಿಂದ ಸಣ್ಣ ಎಂಜಿನ್ನಿನಿಂದ ಹೆಚ್ಚು ಶಕ್ತಿ ಪಡೆಯಲು ಎರಡು ಮಾರ್ಗಗಳಿವೆ: ಅದನ್ನು ಹೆಚ್ಚು ವೇಗವಾಗಿ ತಿರುಗಿಸುವುದು, ಅಥವಾ ಟರ್ಬೊ ಮೂಲಕ ಹೆಚ್ಚು ಗಾಳಿ ತುಂಬಿ ಟಾರ್ಕ್ ಹೆಚ್ಚಿಸುವುದು.

ಹೋಂಡಾ ಆರಿಸಿಕೊಂಡದ್ದು ಮೊದಲನೆಯ ಮಾರ್ಗ. 1989ರಲ್ಲಿ ಜಪಾನಿನ ಇಂಟೆಗ್ರಾದಲ್ಲಿ ಬಂದ ಬಿ16ಎ ಎಂಜಿನ್ನಿನಲ್ಲಿ ವಿಟೆಕ್ ತಂತ್ರವನ್ನು ಮೊದಲ ಬಾರಿಗೆ ಬಳಸಲಾಯಿತು. ಇದರಲ್ಲಿ ಕಡಿಮೆ ವೇಗಕ್ಕೆ ಒಂದು, ಹೆಚ್ಚಿನ ವೇಗಕ್ಕೆ ಇನ್ನೊಂದು ಆಕಾರದ ಕ್ಯಾಮ್ ಕೆಲಸ ಮಾಡುತ್ತದೆ. ಎಣ್ಣೆಯ ಒತ್ತಡವು ಒಂದರಿಂದ ಇನ್ನೊಂದಕ್ಕೆ ಬದಲಾಯಿಸುತ್ತದೆ.

ಪ್ರಮುಖ ಆಯ್ಕೆಗಳು

• ಡಿ16: ಸುಮಾರು 1.6 ಲೀಟರ್ ಗಾತ್ರ. ಡಿ16ಜೆಡ್6 ಎಂಜಿನ್ನಿನ ಶಕ್ತಿ 125 ಅಶ್ವಶಕ್ತಿ. ಡಿ-ಸರಣಿಯ ಸಿವಿಕ್‌ಗೆ ಇದು ಸುಲಭವಾಗಿ ಹೊಂದುವುದರಿಂದ ಬ್ರಾಕೆಟ್, ಆಕ್ಸಲ್ ಮುಂತಾದವುಗಳ ವೆಚ್ಚ ಅತಿ ಕಡಿಮೆ. ಮಿತವಾದ ಒತ್ತಡದ ಟರ್ಬೊಗೆ ಹೊಂದುತ್ತದೆಯಾದರೂ ತೆಳುವಾದ ಮೂಲ ಕನೆಕ್ಟಿಂಗ್ ರಾಡ್‌ಗಳು ಇದರ ದುರ್ಬಲ ಕೊಂಡಿ.

• ಬಿ18ಬಿ: 1834 ಘನ ಸೆಂಟಿಮೀಟರ್, ವಿಟೆಕ್ ಇಲ್ಲ. ಸುಮಾರು 140 ಅಶ್ವಶಕ್ತಿ ಮತ್ತು 172 ನ್ಯೂಟನ್ ಮೀಟರ್ ಟಾರ್ಕ್ ನೀಡುತ್ತದೆ. ಸಾಮಾನ್ಯ ಇಂಟೆಗ್ರಾಗಳಲ್ಲಿ ಬಳಕೆಯಾದದ್ದರಿಂದ ವಿಟೆಕ್ ಎಂಜಿನ್‌ಗಳಿಗಿಂತ ಅಗ್ಗ.

• ಬಿ16ಎ: 1595 ಘನ ಸೆಂಟಿಮೀಟರ್. 1999–2000ರ ಅಮೆರಿಕದ ಸಿವಿಕ್ ಎಸ್‌ಐ ಮಾದರಿಯಲ್ಲಿ 7600 ಸುತ್ತುಗಳಲ್ಲಿ 160 ಅಶ್ವಶಕ್ತಿ ನೀಡುತ್ತಿತ್ತು. ಗರಿಷ್ಠ ಟಾರ್ಕ್ ಸುಮಾರು 150 ನ್ಯೂಟನ್ ಮೀಟರ್ ಮಾತ್ರ. ಹೀಗಾಗಿ ನಗರದ ನಿಧಾನ ಸಂಚಾರದಲ್ಲಿ ಬಿ18ಬಿಯೇ ಹೆಚ್ಚು ಬಲವುಳ್ಳದ್ದಾಗಿ ತೋರುತ್ತದೆ.

• ಬಿ18ಸಿ: 1797 ಘನ ಸೆಂಟಿಮೀಟರ್. ಅಮೆರಿಕದ ಇಂಟೆಗ್ರಾ ಜಿಎಸ್-ಆರ್ ಮಾದರಿಯಲ್ಲಿ 170, ಟೈಪ್ ಆರ್ ಮಾದರಿಯಲ್ಲಿ 195 ಅಶ್ವಶಕ್ತಿ. ಬೇಡಿಕೆ ಹೆಚ್ಚಿರುವುದರಿಂದ ದುಬಾರಿ.

• ಎಚ್22ಎ: ಪ್ರಿಲ್ಯೂಡ್ ಕಾರಿನ 2157 ಘನ ಸೆಂಟಿಮೀಟರ್ ಎಂಜಿನ್. ಟಾರ್ಕ್ ಹೇರಳ. ಆದರೆ ವಿಶೇಷ ಬ್ರಾಕೆಟ್‌ಗಳು ಬೇಕು, ಕಾರಿನ ಮುಂಭಾಗದ ತೂಕವೂ ಹೆಚ್ಚುತ್ತದೆ.

• ಕೆ20: ಟೈಮಿಂಗ್ ಚೈನ್ ಇರುವ ಹೊಸ ವಿನ್ಯಾಸ. 2002ರ ಆರ್‌ಎಸ್‌ಎಕ್ಸ್ ಟೈಪ್-ಎಸ್ ಮಾದರಿಯಲ್ಲಿ 200 ಅಶ್ವಶಕ್ತಿ. ಹಳೆಯ ಸಿವಿಕ್‌ಗೆ ಅಳವಡಿಸಲು ಬ್ರಾಕೆಟ್, ಆಕ್ಸಲ್, ವೈರಿಂಗ್ ಹಾಗೂ ಗೇರ್ ಬದಲಿಸುವ ವ್ಯವಸ್ಥೆ ಎಲ್ಲವೂ ಬೇರೆಯಾಗಬೇಕು.

ಜೋಡಿ ಎಂಜಿನ್‌ಗಳು

ಬಿ18ಬಿಯ ಬ್ಲಾಕ್ ಮೇಲೆ ವಿಟೆಕ್ ಹೆಡ್ ಕೂರಿಸುವ ಜೋಡಣೆಯು ‘ಎಲ್‌ಎಸ್-ವಿಟೆಕ್’ ಎಂದು ಪ್ರಸಿದ್ಧವಾಗಿದೆ. ಅಗ್ಗದ ಬ್ಲಾಕಿನ ಗಾತ್ರ ಮತ್ತು ವಿಟೆಕ್‌ನ ಉಸಿರಾಟ ಎರಡೂ ದೊರೆಯುವುದು ಇದರ ಆಕರ್ಷಣೆ. ಬ್ಲಾಕಿನಲ್ಲಿ ವಿಟೆಕ್‌ಗೆ ಎಣ್ಣೆ ಪೂರೈಸುವ ಮಾರ್ಗವಿಲ್ಲದ ಕಾರಣ ಹೊರಗಿನಿಂದ ಕೊಳವೆ ಜೋಡಿಸಬೇಕಾಗುತ್ತದೆ.

ಇದರ ಅಪಾಯ ಪಿಸ್ಟನ್ನಿನ ವೇಗದಲ್ಲಿದೆ. ಬಿ16ಎ ಪಿಸ್ಟನ್ನಿನ ಚಲನೆಯ ಉದ್ದ 77.4 ಮಿಲಿಮೀಟರ್, 8000 ಸುತ್ತುಗಳಲ್ಲಿ ಅದರ ಸರಾಸರಿ ವೇಗ ಸೆಕೆಂಡಿಗೆ 20.6 ಮೀಟರ್. ಬಿ18ಬಿಯಲ್ಲಿ ಈ ಉದ್ದ 89 ಮಿಲಿಮೀಟರ್ ಆಗಿದ್ದು, ಅಷ್ಟೇ ಸುತ್ತುಗಳಲ್ಲಿ ವೇಗವು 23.7 ಮೀಟರ್‌ಗೆ ಏರುತ್ತದೆ. ಟೈಪ್ ಆರ್ ಎಂಜಿನ್ ಇಂತಹ ವೇಗವನ್ನು ತಾಳುವುದು ಅದಕ್ಕೆಂದೇ ತಯಾರಾದ ಭಾಗಗಳಿಂದ. ಬಿ18ಬಿಯ ರಾಡ್ ಮತ್ತು ರಾಡ್ ಬೋಲ್ಟ್‌ಗಳು ಅದಕ್ಕಾಗಿ ರೂಪುಗೊಂಡವಲ್ಲ. ಇವನ್ನು ಬದಲಿಸದೆ ಉಳಿಸಿದ ಹಣವು ರಾಡ್ ಮುರಿದು ಬ್ಲಾಕ್ ಒಡೆದಾಗ ಇಡೀ ಎಂಜಿನ್ನಿನ ನಷ್ಟವಾಗಿ ಪರಿಣಮಿಸುತ್ತದೆ.

ಒಟ್ಟು ವೆಚ್ಚ

ಎಂಜಿನ್ ಜೊತೆಗೆ ಗೇರ್‌ಬಾಕ್ಸ್, ಆಕ್ಸಲ್, ಬ್ರಾಕೆಟ್, ವೈರಿಂಗ್ ಮತ್ತು ನಿಯಂತ್ರಣ ಕಂಪ್ಯೂಟರ್ ಬೇಕಾಗುತ್ತವೆ. 1990–93ರ ಇಂಟೆಗ್ರಾದ ಗೇರ್‌ಬಾಕ್ಸ್‌ನಲ್ಲಿ ಕೇಬಲ್ ಕ್ಲಚ್ ಇದ್ದರೆ, 1992ರ ನಂತರದ ಸಿವಿಕ್‌ನಲ್ಲಿ ಹೈಡ್ರಾಲಿಕ್ ಕ್ಲಚ್ ಇದೆ. ಆದ್ದರಿಂದ ಅಗ್ಗವಾಗಿ ದೊರೆತ ಹಳೆಯ ಜೋಡಿಯು ಹೆಚ್ಚುವರಿ ಖರ್ಚಿಗೆ ದಾರಿಯಾಗಬಹುದು. ಗೇರ್‌ಬಾಕ್ಸ್, ಆಕ್ಸಲ್, ವೈರಿಂಗ್ ಸಮೇತ ಒಂದೇ ಕಾರಿನಿಂದ ಬಂದ ಪೂರ್ಣ ಜೋಡಿಯನ್ನು ಕೊಳ್ಳುವುದು ಸಾಮಾನ್ಯವಾಗಿ ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ ಲಾಭಕರ.

ಖರೀದಿಗೆ ಮುನ್ನ ಪ್ರತಿ ಸಿಲಿಂಡರಿನ ಕಂಪ್ರೆಷನ್ ಪರೀಕ್ಷೆ ಅವಶ್ಯಕ. ಒಂದು ಸಿಲಿಂಡರಿನ ಒತ್ತಡ ಉಳಿದವುಗಳಿಗಿಂತ ಬಹಳ ಕಡಿಮೆಯಿದ್ದರೆ ಅದು ರಿಂಗ್, ವಾಲ್ವ್ ಅಥವಾ ಗ್ಯಾಸ್ಕೆಟ್ ದೋಷದ ಸೂಚನೆ. ಬಿ-ಸರಣಿಯಲ್ಲಿ ಟೈಮಿಂಗ್ ಬೆಲ್ಟ್ ತುಂಡಾದರೆ ಪಿಸ್ಟನ್‌ಗಳು ವಾಲ್ವ್‌ಗಳಿಗೆ ಬಡಿಯುವುದರಿಂದ, ಎಂಜಿನ್ ಹೊರಗಿರುವಾಗಲೇ ಬೆಲ್ಟ್ ಮತ್ತು ನೀರಿನ ಪಂಪ್ ಬದಲಿಸುವುದು ರೂಢಿ.

ಟರ್ಬೊ ಅಳವಡಿಸುವವರು ಇಂಧನ ಮತ್ತು ಕಿಡಿಯ ಸಮಯದ ಹೊಂದಾಣಿಕೆಗೆ ಹಣ ಮೀಸಲಿಡಬೇಕು. ಒತ್ತಡ ಹೆಚ್ಚಿದಾಗ ಇಂಧನ ಸಾಲದಿದ್ದರೆ ನಾಕಿಂಗ್ ಉಂಟಾಗಿ ಪಿಸ್ಟನ್‌ಗಳು ಒಡೆಯುತ್ತವೆ. ಕಡಿಮೆ ದರ್ಜೆಯ ಸಿವಿಕ್‌ಗಳ ಹಿಂಚಕ್ರಗಳಲ್ಲಿ ಡ್ರಮ್ ಬ್ರೇಕ್‌ಗಳಿದ್ದು, ಶಕ್ತಿ ಹೆಚ್ಚಿದಾಗ ಬ್ರೇಕ್ ಮತ್ತು ಟೈರ್‌ಗಳನ್ನೂ ಉತ್ತಮಪಡಿಸುವುದು ಸುರಕ್ಷತೆಯ ದೃಷ್ಟಿಯಿಂದ ಅಗತ್ಯ.

ಕಾನೂನು

ಕ್ಯಾಲಿಫೋರ್ನಿಯಾದಲ್ಲಿ ಹೊಸದಾಗಿ ಅಳವಡಿಸಿದ ಎಂಜಿನ್ ಕಾರಿನ ಮಾದರಿ ವರ್ಷದ್ದು ಅಥವಾ ನಂತರದ್ದಾಗಿರಬೇಕು. ಅದರ ಹೊಗೆ ನಿಯಂತ್ರಣ ಸಾಧನಗಳೆಲ್ಲವೂ ಇರಬೇಕು ಮತ್ತು ರೆಫರಿ ಕೇಂದ್ರದಲ್ಲಿ ಪರಿಶೀಲನೆಯಾಗಬೇಕು. ಹಾಗಾಗಿ ಜಪಾನಿನ ಅಗ್ಗದ ಎಂಜಿನ್ ಅಲ್ಲಿನ ರಸ್ತೆ ಬಳಕೆಗೆ ಅನುಮೋದನೆ ಪಡೆಯದೆ ಹೋಗಬಹುದು.

ಭಾರತದಲ್ಲಿ 1998ರಲ್ಲಿ ಬಂದ ಮೊದಲ ಹೋಂಡಾ ಸಿಟಿಯಲ್ಲಿಯೂ ಡಿ-ಸರಣಿಯ ಎಂಜಿನ್ ಇತ್ತು. ಇಲ್ಲಿ ಎಂಜಿನ್ ಸಂಖ್ಯೆಯು ನೋಂದಣಿ ಪತ್ರದಲ್ಲಿ ದಾಖಲಾಗುತ್ತದೆ. ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನಗಳ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ.