ನಾಯಿಗೆ ಕಲ್ಲಿದೆ, ಉಪದೇಶಿಗೆ?



ಇವತ್ತು ಭಾನುವಾರ. ಸ್ವಲ್ಪ ಉದ್ದದ ಬರಹ, ಪುರುಸೊತ್ತು ಮಾಡ್ಕೊಂಡು ಓದಿ.

ಮದ್ದೂರು ತಾಲ್ಲೂಕಿನ ನಮ್ಮ ಆತಗೂರು ಚರಿತ್ರೆ ಪುಸ್ತಕಗಳಲ್ಲಿ ಆತಕೂರು. ಅಲ್ಲಿ ಸಿಕ್ಕ ಶಾಸನ ಕ್ರಿ.ಶ. 949-50ರದ್ದು. ರಾಷ್ಟ್ರಕೂಟರ ಮೂರನೇ ಕೃಷ್ಣ, ಗಂಗರ ಬೂತುಗ, ತಕ್ಕೋಲದಲ್ಲಿ ಸತ್ತ ಚೋಳ ರಾಜಾದಿತ್ಯ, ಎಲ್ಲರೂ ಅದರಲ್ಲಿದ್ದಾರೆ. ಜೊತೆಗೆ ಕಾಳಿ ಅನ್ನೋ ಬೇಟೆನಾಯಿಯೂ ಇದೆ. ಬೂತುಗನ ಬಂಟ ಮಣಲೆರ ತನ್ನ ಶೌರ್ಯಕ್ಕೆ ಮೆಚ್ಚುಗೆಯಾಗಿ ಕೇಳಿ ಪಡೆದ ನಾಯಿ ಅದು. ಕಾಡುಹಂದಿ ಜೊತೆ ಕಾದಾಡಿ ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ ಪಾಪ ಅಂತ ಬರೆಸಿದರು. ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ.

ನನಗೆ ಆ ನಾಯಿ ಮೇಲೆ ಸಿಟ್ಟಿಲ್ಲ, ನಿಯತ್ತಿನ ಪ್ರಾಣಿ. ನನ್ನ ಪ್ರಶ್ನೆ ಬೇರೆ. ನಾಯಿಯ ಹೆಸರು ಸಾವಿರ ವರ್ಷ ಉಳಿದಿರೋ ಈ ಸೀಮೆಯಲ್ಲಿ ನಮ್ಮ ಕೇರಿಯ ಉಪದೇಶಿಗಳ ಹೆಸರು ಎಲ್ಲಿದೆ?

ನಮ್ಮ ತಾತ ಅಂಥ ಒಬ್ಬ ಉಪದೇಶಿ. ಪಾದ್ರಿ ಅಲ್ಲ, ಸಂಬಳವೂ ಇಲ್ಲ. ವಾರವೆಲ್ಲ ಗೌಡರ ಗದ್ದೆಯಲ್ಲಿ ಕೂಲಿ. ಭಾನುವಾರ ಮಾತ್ರ ಒಗೆದ ಪಂಚೆ ಉಟ್ಟು, ಸತ್ಯವೇದವನ್ನ ಟವೆಲಿನಲ್ಲಿ ಸುತ್ತಿಕೊಂಡು, ತಂಗಳು ಮುದ್ದೆ ತಿಂದು ಹೊರಡ್ತಿದ್ದ. ಮೂರು ಕೇರಿ, ಎಲ್ಲಾ ಕಾಲ್ನಡಿಗೆ. ಗೌಡರ ಕೊಟ್ಟಿಗೆಯ ಸಗಣಿ ಬಾಚಿ ಮುಗಿಸಿ ಜನ ಬರೋವರೆಗೂ ಕಾದು ಕೂರ್ತಿದ್ದ. ಆಮೇಲೆ ಹಾಡು, ಓದು, ಪ್ರಾರ್ಥನೆ. ಅಕ್ಷರದ ಹತ್ತಿರವೂ ಬಿಡದಿದ್ದ ಜನರ ನಡುವೆ ನಮ್ಮವನೇ ಒಬ್ಬ ಎದ್ದು ನಿಂತು ಪುಸ್ತಕ ಬಿಚ್ಚಿ ಗಟ್ಟಿಯಾಗಿ ಓದೋದು ಅಂದ್ರೆ ಏನು ಅಂತ ಯೋಚಿಸಿ. ಪ್ರಾರ್ಥನೆ ಮುಗಿದ ಮೇಲೂ ಬಿಡುವಿಲ್ಲ. ಒಬ್ಬರದು ಕಾಗದ ಓದಬೇಕು, ಇನ್ನೊಬ್ಬರದು ಅರ್ಜಿ ಬರೀಬೇಕು.

"ತಾತ, ದುಡ್ಡು ಕೊಡ್ತಿದ್ರಾ?" ಅಂತ ಕೇಳಿದ್ದೆ.

"ದುಡ್ಡೆಲ್ಲಿ ಬಂತ್ಲಾ ಮಗ. ಕೇಳೋರಿದ್ರಲ್ಲ, ಸಾಕಿತ್ತು."

ಈ ಪದ್ಧತಿ ಎಲ್ಲಿಂದ ಬಂತು ಗೊತ್ತಾ? 18ನೇ ಶತಮಾನದ ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿ, ಪಾದ್ರಿ ದೀಕ್ಷೆ ಇಲ್ಲದ ಸಾಮಾನ್ಯ ಕಸುಬಿನವರಿಗೂ ಬೋಧನೆಯ ಕೆಲಸ ಕೊಟ್ಟ. ವೆಸ್ಲಿಯನ್ ಮಿಷನ್ 1821ರಲ್ಲಿ ಬೆಂಗಳೂರಿಗೆ ಬಂತು, ಆಮೇಲೆ ಮೈಸೂರು ಸೀಮೆಯ ಹಳ್ಳಿಗಳಿಗೆ. 1947ರ ಸೆಪ್ಟೆಂಬರ್ 27ರಂದು ಸಿ.ಎಸ್.ಐ. ಸಭೆಯಲ್ಲಿ ಸೇರಿಹೋಯ್ತು. ಆದರೆ ಉಪದೇಶಿಗೆ ಒಂದು ಗೆರೆ ಇತ್ತು. ಬೋಧಿಸಬಹುದು, ಪ್ರಭುಭೋಜನದ ರೊಟ್ಟಿ ಮುರಿಯೋ ಹಾಗಿಲ್ಲ. ಅದಕ್ಕೆ ದೀಕ್ಷೆ ಪಡೆದ ಅಯ್ಯನೋರೇ ಬರಬೇಕು. ಅವರು ಬಂದ ದಿನ ಎಲ್ಲರಿಗೂ ಒಂದೇ ಬಟ್ಟಲು. ಅದೇ ಜನ ಸೋಮವಾರ ಹೋಟ್ಲಿಗೆ ಹೋದ್ರೆ ಬೇರೆ ಲೋಟ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. 1950ರ ಆಗಸ್ಟ್ 10ರ ರಾಷ್ಟ್ರಪತಿ ಆದೇಶದ ಮೂರನೇ ಪ್ಯಾರಾ, ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ ಅಂದಿತು. 1956ರಲ್ಲಿ ಸಿಖ್ಖರನ್ನ, 1990ರಲ್ಲಿ ಬೌದ್ಧರನ್ನ ಸೇರಿಸಿದರು. ದಲಿತ ಕ್ರೈಸ್ತರು, ದಲಿತ ಮುಸ್ಲಿಮರು ಹೊರಗೇ ಉಳಿದರು.

ಅಪ್ಪನನ್ನು ಸ್ಕೂಲಿಗೆ ಸೇರಿಸೋಕೆ ಹೋದಾಗ ಮೇಷ್ಟ್ರು ಒಳ್ಳೆ ಮನಸ್ಸಿಂದಲೇ ಹೇಳಿದರಂತೆ: "ಹಿಂದೂ, ಆದಿ ಕರ್ನಾಟಕ ಅಂತ ಬರೆಸಿಬಿಡಯ್ಯ, ಹುಡುಗನಿಗೆ ಸ್ಕಾಲರ್‌ಶಿಪ್ ಬರುತ್ತೆ."

"ಭಾನ್ವಾರ ಒಂದು, ಸ್ವಾಮಾರ ಒಂದು ಹೇಳಕಾಯ್ತದಾ ಸ್ವಾಮಿ?" ಅಂದನಂತೆ ತಾತ. ಕ್ರೈಸ್ತ ಅಂತಲೇ ಬರೆಸಿದ.

ಅಪ್ಪನಿಗೆ ಹಾಸ್ಟೆಲ್ ಸಿಗಲಿಲ್ಲ, ಓದು ನಿಂತಿತು. ಊರು ಮಾತ್ರ ಅವನನ್ನ ಕೇರಿಯವನು ಅಂತಲೇ ಕರೀತು. ಜಾತಿ ಬಿಡಲಿಲ್ಲ, ಜಾತಿ ಪತ್ರ ಬಿಟ್ಟುಹೋಯ್ತು. ಮಕ್ಕಳ ಹೊಟ್ಟೆಪಾಡಿಗೆ ಬೇರೆ ಥರ ಬರೆಸಿದವರನ್ನ ನಾನು ಬೈಯಲ್ಲ. ತಪ್ಪು ಅವರದಲ್ಲ, ಆ ಪ್ಯಾರಾದ್ದು.

ಕರ್ನಾಟಕದಲ್ಲಿ ನಮ್ಮನ್ನ ಪ್ರವರ್ಗ-1ರಲ್ಲಿ ಇಟ್ಟಿದ್ದಾರೆ, ನಿಜ. ಆದರೆ ಜಾತಿ ಹಿಡಿದು ಬೈದರೆ, ಹೊಡೆದರೆ 1989ರ ದೌರ್ಜನ್ಯ ತಡೆ ಕಾಯ್ದೆ ನಮಗಿಲ್ಲ. ಮೀಸಲು ಕ್ಷೇತ್ರದಲ್ಲಿ ನಿಲ್ಲೋ ಹಾಗಿಲ್ಲ. ಆ ಪ್ಯಾರಾ ತೆಗೀರಿ ಅಂತ ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ವರದಿ ಕೊಟ್ಟಿತ್ತು. 2022ರಲ್ಲಿ ಬಾಲಕೃಷ್ಣನ್ ಆಯೋಗ ಅಂತ ಮತ್ತೊಂದು ಮಾಡಿದರು.

ಗೆಳೆಯರೇ, ಮತಾಂತರ ಆದವರು ನಮ್ಮ ಹೋರಾಟ ಬಿಟ್ಟುಹೋದವರು ಅಂತ ನಮ್ಮಲ್ಲೇ ಕೆಲವರು ಹೇಳ್ತಾರೆ. ಬಾಬಾಸಾಹೇಬರೂ ಧರ್ಮ ಬಿಟ್ಟವರೇ ಅಲ್ವಾ? ದಾರಿ ಬೇರೆ, ಓಡಿಬಂದ ಬೆಂಕಿ ಒಂದೇ.

ನಿಮ್ಮ ಕೇರಿಯಲ್ಲೂ ಒಬ್ಬ ಉಪದೇಶಿ ಇದ್ದಿರಬಹುದು. ಹಿರೀಕರನ್ನ ಕೇಳಿ, ಹೆಸರು ಬರೆದಿಡಿ. ನಮ್ಮ ತಾತನಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ. ಹಳೇ ಶಾಲಾ ದಾಖಲಾತಿ ಪುಸ್ತಕದಲ್ಲಿ ಅಪ್ಪನ ಹೆಸರಿನ ಪಕ್ಕ ಅವನು ಬರೆಸಿದ ಆ ಒಂದು ಪದ ಇದೆ. ಅದಕ್ಕೆ ಅವನು ಕೊಟ್ಟ ಬೆಲೆ ನಮಗೆ ಗೊತ್ತು.

ಜೈ ಭೀಮ್.