ಸೂಲಗಿತ್ತಿಯ ಮೇಲಿನ ಆರೋಪ: ಒಂದು ಪುನರ್ವಿಚಾರ

ನಮ್ಮ ದೇಶದಲ್ಲಿ ತಾಯಿ-ಮಕ್ಕಳ ಆರೋಗ್ಯದ ಚರಿತ್ರೆಯೆಂದು ಬರೆದುದು ಬಹುಮಟ್ಟಿಗೆ ಆಸ್ಪತ್ರೆಗಳ ಚರಿತ್ರೆಯೇ ಆಗಿದೆ. ಇದಕ್ಕೆ ಕಾರಣವೂ ಸ್ಪಷ್ಟ. ಆಸ್ಪತ್ರೆಗೆ ಶಿಲಾನ್ಯಾಸದ ದಿನಾಂಕವುಂಟು, ದಾನಿಯ ಹೆಸರುಂಟು. ಹಳ್ಳಿಯ ಮನೆಯೊಂದರ ಕತ್ತಲ ಕೋಣೆಯಲ್ಲಿ ನಡೆದ ಹೆರಿಗೆಗೆ ಇವೆರಡೂ ಇಲ್ಲ. ಆ ಕೋಣೆಯಲ್ಲಿದ್ದ ಸೂಲಗಿತ್ತಿಯು ದಾಖಲೆಗಳಲ್ಲಿ ಕಾಣಿಸಿಕೊಳ್ಳುವುದು ಬಹುತೇಕ ಅಪರಾಧಿಯಾಗಿ. ಆ ಆರೋಪದ ತೂಕವೆಷ್ಟು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಪನ್ನಾ ಸಂಸ್ಥಾನದ ಮಹಾರಾಣಿಯು ತನಗೆ ಚಿಕಿತ್ಸೆ ನೀಡಿದ ಎಲಿಜಬೆತ್ ಬೀಲ್ಬಿ ಎಂಬಾಕೆಯ ಮೂಲಕ ಭಾರತೀಯ ಸ್ತ್ರೀಯರ ಸಂಕಟವನ್ನು 1881ರಲ್ಲಿ ವಿಕ್ಟೋರಿಯಾ ರಾಣಿಗೆ ತಿಳಿಸಿದುದು ಪ್ರಸಿದ್ಧ ಸಂಗತಿ. 1885ರಲ್ಲಿ ಡಫರಿನ್ ನಿಧಿ ಸ್ಥಾಪಿತವಾಯಿತು. ಅದರ ಆಸ್ಪತ್ರೆಗಳು ನಗರಗಳಲ್ಲಿದ್ದವು. ಹೆರಿಗೆಗಳು ಹಳ್ಳಿಗಳಲ್ಲಿ ಆಗುತ್ತಿದ್ದವು. ಈ ಅಂತರವನ್ನು ಮನಗಂಡ ಲೇಡಿ ಕರ್ಜನ್ 1903ರಲ್ಲಿ ಸೂಲಗಿತ್ತಿಯರ ಶಿಕ್ಷಣಕ್ಕಾಗಿಯೇ ವಿಕ್ಟೋರಿಯಾ ಸ್ಮಾರಕ ವಿದ್ಯಾರ್ಥಿವೇತನ ನಿಧಿಯನ್ನು ಏರ್ಪಡಿಸಿದಳು. ಹದಿನೈದು ವರ್ಷಗಳ ಅನುಭವವನ್ನು ಕುರಿತು ಆ ನಿಧಿಯು 1918ರಲ್ಲಿ ಪ್ರಕಟಿಸಿದ ವರದಿಯು ಈ ವಿಷಯಕ್ಕೆ ಮುಖ್ಯ ಆಕರ. ಅದರಲ್ಲಿ ವೈದ್ಯೆಯರ ಅಭಿಪ್ರಾಯಗಳಿವೆ. ಕೊಳಕು ಕೈ, ತೊಳೆಯದ ಬಟ್ಟೆ, ಸಿಕ್ಕಿದ ಆಯುಧದಿಂದ ಹೊಕ್ಕುಳಬಳ್ಳಿಯನ್ನು ಕೊಯ್ಯುವುದು ಇವುಗಳ ವರ್ಣನೆಯಿದೆ. ಸೂಲಗಿತ್ತಿಯು ಅಲ್ಲಿ ವರ್ಣಿತಳೇ ಹೊರತು ಮಾತನಾಡುವವಳಲ್ಲ.

ಆ ವೈದ್ಯೆಯರು ಸುಳ್ಳು ಬರೆದರೆಂದು ನನ್ನ ಅಭಿಪ್ರಾಯವಲ್ಲ. ಬಾಣಂತಿಯ ನಂಜೂ ಹಸುಗೂಸಿನ ಧನುರ್ವಾಯುವೂ ಅಶುಚಿಯಿಂದಲೇ ಬರುತ್ತವೆ. ಅವುಗಳಿಂದ ಸತ್ತವರು ಲೆಕ್ಕವಿಲ್ಲದಷ್ಟು ಮಂದಿ. ಆದರೆ ನಂಜನ್ನು ಹೊತ್ತ ಕೈ ಸೂಲಗಿತ್ತಿಯದೊಂದೇ ಆಗಿರಲಿಲ್ಲ. ವಿಯೆನ್ನಾ ನಗರದ ಆಸ್ಪತ್ರೆಯಲ್ಲಿ ವೈದ್ಯರೂ ವೈದ್ಯ ವಿದ್ಯಾರ್ಥಿಗಳೂ ಹೆರಿಗೆ ಮಾಡಿಸುತ್ತಿದ್ದ ವಿಭಾಗದಲ್ಲಿ, ಸೂಲಗಿತ್ತಿಯರು ನೋಡಿಕೊಳ್ಳುತ್ತಿದ್ದ ವಿಭಾಗಕ್ಕಿಂತ ಹೆಚ್ಚು ಬಾಣಂತಿಯರು ಸಾಯುತ್ತಿದ್ದರು. ಶವಪರೀಕ್ಷೆ ಮಾಡಿದ ಕೈಗಳನ್ನು ಔಷಧದ್ರಾವಣದಲ್ಲಿ ತೊಳೆದರೆ ಸಾವು ಇಳಿಯುವುದೆಂದು ಸೆಮೆಲ್‌ವೈಸ್ 1847ರಲ್ಲಿ ತೋರಿಸಿದನು. ಅವನ ಮಾತನ್ನು ಒಪ್ಪಲು ಸಹೋದ್ಯೋಗಿಗಳೇ ಸಿದ್ಧರಿರಲಿಲ್ಲ. ಇಂಗ್ಲೆಂಡಿನಲ್ಲಿಯೂ 1930ರ ದಶಕದ ಮಧ್ಯದವರೆಗೆ ಸಾವಿರ ಹೆರಿಗೆಗೆ ಸುಮಾರು ನಾಲ್ವರು ತಾಯಂದಿರು ಸಾಯುತ್ತಿದ್ದರು. ಸಲ್ಫಾ ಔಷಧಗಳು ಬಂದ ಮೇಲೆ ಆ ಸಂಖ್ಯೆ ವೇಗವಾಗಿ ಇಳಿಯಿತು. ಈ ಹಿನ್ನೆಲೆಯಲ್ಲಿ ನೋಡಿದರೆ, ಹೆರಿಗೆಯನ್ನು ಮೈಲಿಗೆಯೆಂದು ಕರೆದು, ಅದರ ಕೆಲಸವನ್ನು ಅನೇಕ ಕಡೆ ಕೀಳೆಂದು ಎಣಿಸಿದ ಜಾತಿಗಳ ಹೆಂಗಸರಿಗೆ ಒಪ್ಪಿಸಿ, ಕೂಲಿಯಾಗಿ ಒಂದಿಷ್ಟು ಧಾನ್ಯವನ್ನೋ ಹಳೆಯ ಸೀರೆಯನ್ನೋ ಕೊಟ್ಟ ಸಮಾಜವು, ಬಳಿಕ ಅವಳ ಕೈ ಶುಚಿಯಾಗಿರಲಿಲ್ಲವೆಂದು ದೂರಿದುದು ವಿಚಿತ್ರವಾಗಿ ಕಾಣುತ್ತದೆ.

ಮೈಸೂರು ಸಂಸ್ಥಾನದ ಪ್ರಯತ್ನಗಳನ್ನು ಇಲ್ಲಿ ಸಂಕ್ಷೇಪವಾಗಿ ಸ್ಮರಿಸಬಹುದು. 1920ರ ದಶಕದ ಕೊನೆಗೆ ರಾಕ್‌ಫೆಲರ್ ಪ್ರತಿಷ್ಠಾನದ ಸಹಕಾರದಿಂದ ಮಂಡ್ಯದಲ್ಲಿ ಗ್ರಾಮಾಂತರ ಆರೋಗ್ಯ ಘಟಕವು ಆರಂಭವಾಯಿತು. 1930ರಲ್ಲಿ ಸರ್ಕಾರವೇ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಮುಂದಾಯಿತು. 1935ರಲ್ಲಿ ಬೆಂಗಳೂರಿನಲ್ಲಿ ವಾಣಿವಿಲಾಸ ಆಸ್ಪತ್ರೆಯು ಸ್ಥಾಪಿತವಾಯಿತು.

ಇಡೀ ದೇಶದ ಸ್ಥಿತಿಯನ್ನು ಅಂಕಿಗಳಲ್ಲಿ ಮುಂದಿಟ್ಟದ್ದು 1946ರ ಭೋರ್ ಸಮಿತಿಯ ವರದಿ. ಅದರ ಪ್ರಕಾರ ಸಾವಿರ ಜನನಕ್ಕೆ 20 ತಾಯಂದಿರು ಸಾಯುತ್ತಿದ್ದರು. ಸಾವಿರ ಕೂಸುಗಳಲ್ಲಿ 162 ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. ಶಿಕ್ಷಣ ಪಡೆದ ಸೂಲಗಿತ್ತಿಯರು ದೇಶಕ್ಕೆಲ್ಲ ಸುಮಾರು 5,000. ಎಂದರೆ 60,000 ಜನರಿಗೆ ಒಬ್ಬಳು. ಈ ಕೊನೆಯ ಅಂಕಿಯೇ ನಮ್ಮ ಪ್ರಶ್ನೆಗೆ ಉತ್ತರವನ್ನು ಒಳಗೊಂಡಿದೆಯೆಂದು ನಾನು ಭಾವಿಸುತ್ತೇನೆ. ಹಳ್ಳಿಯ ಸೂಲಗಿತ್ತಿಯು ವೈದ್ಯೆಯ ಸ್ಥಾನವನ್ನು ಕಸಿದುಕೊಂಡವಳಲ್ಲ. ಆ ಸ್ಥಾನವು ಬರಿದಾಗಿತ್ತು.

ಅಂಥ ಹೆಂಗಸರ ಕೈಗೆ ಜ್ಞಾನವನ್ನೂ ಸಾಧನಗಳನ್ನೂ ಕೊಟ್ಟರೆ ಏನಾಗುವುದೆಂಬುದಕ್ಕೆ ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯಲ್ಲಿ ಸಾಕ್ಷ್ಯ ದೊರೆಯಿತು. ಅಭಯ್ ಬಂಗ್ ಮತ್ತು ರಾಣಿ ಬಂಗ್ ದಂಪತಿಗಳು 39 ಹಳ್ಳಿಗಳಲ್ಲಿ ಸ್ಥಳೀಯ ಹೆಂಗಸರಿಗೆ ತರಬೇತಿಯಿತ್ತರು. ಊರಿನ ಸೂಲಗಿತ್ತಿಯರನ್ನೂ ದೂರವಿಡಲಿಲ್ಲ. ಕೂಸನ್ನು ತೂಗುವುದು, ಬೆಚ್ಚಗಿಡುವುದು, ಉಸಿರಾಡದ ಕೂಸಿಗೆ ಉಸಿರು ಕೊಡುವುದು, ನಂಜಿನ ಲಕ್ಷಣ ಕಂಡರೆ ಔಷಧ ಚುಚ್ಚುವುದು ಇವೆಲ್ಲ ಮನೆಯಲ್ಲಿಯೇ ನಡೆದುವು. 1999ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೊದಲ ತಿಂಗಳಲ್ಲೇ ಸಾಯುವ ಕೂಸುಗಳ ಸಂಖ್ಯೆಯು ಸಾವಿರಕ್ಕೆ 62ರಿಂದ ಸುಮಾರು 25ಕ್ಕೆ ಇಳಿಯಿತು. ಕೇಂದ್ರ ಸರ್ಕಾರವು 2011ರಲ್ಲಿ ಈ ಕ್ರಮವನ್ನು ಆಶಾ ಕಾರ್ಯಕರ್ತೆಯರ ಮೂಲಕ ದೇಶಕ್ಕೆ ವಿಸ್ತರಿಸಿತು.

ಆದರೆ 2005ರ ಬಳಿಕ ಸರ್ಕಾರದ ಮುಖ್ಯ ಒತ್ತು ಬಿದ್ದುದು ಆಸ್ಪತ್ರೆಯ ಹೆರಿಗೆಯ ಮೇಲೆ. ಅದರಿಂದ ಪ್ರಯೋಜನವಾಯಿತೆಂಬುದನ್ನು ಅಲ್ಲಗಳೆಯಲಾಗದು. ರಕ್ತಸ್ರಾವವಾಗುತ್ತಿರುವ ಬಾಣಂತಿಗೆ ಬೇಕಾದ ರಕ್ತವು ಯಾವ ಸೂಲಗಿತ್ತಿಯ ಮನೆಯಲ್ಲಿಯೂ ದೊರೆಯುವುದಿಲ್ಲ. ಲಕ್ಷ ಜನನಗಳಿಗೆ ತಾಯಂದಿರ ಮರಣವು ಕರ್ನಾಟಕದಲ್ಲಿ 2001-03ರ ಅವಧಿಯಲ್ಲಿ 228 ಇದ್ದುದು 2018-20ರ ವೇಳೆಗೆ 69 ಆಯಿತು. ಆದರೂ ಅದೇ ಅವಧಿಯಲ್ಲಿ ಕೇರಳದ ಅಂಕಿ 19.

ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಸಾವಿರಾರು ಹೆರಿಗೆಗಳನ್ನು ಅವರು ಹಣ ಪಡೆಯದೆ ಮಾಡಿಸಿದ್ದರು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅವರ ಓರಗೆಯವರು ಇನ್ನೂ ಕೆಲವರು ನಮ್ಮ ಹಳ್ಳಿಗಳಲ್ಲಿದ್ದಾರೆ. ಅವರು ಯಾವುದರಿಂದ ಬಳ್ಳಿ ಕೊಯ್ಯುತ್ತಿದ್ದರು, ಯಾವ ಹೆರಿಗೆಯನ್ನು ತಮ್ಮಿಂದಾಗದೆಂದು ಬಿಟ್ಟುಕೊಡುತ್ತಿದ್ದರು, ಗಾಡಿ ಸಿಗದ ರಾತ್ರಿ ಏನು ಮಾಡುತ್ತಿದ್ದರು ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಈಗಲೇ ಕೇಳಿ ಬರೆದುಕೊಳ್ಳಬೇಕು. 1918ರ ವರದಿಯ ಪಕ್ಕದಲ್ಲಿಟ್ಟು ಓದಲು ನಮ್ಮಲ್ಲಿ ಬೇರೆ ಸಾಕ್ಷ್ಯ ಹೆಚ್ಚಿಲ್ಲ.