ಚಿತ್ರ ಚೆನ್ನಾಗಿ ಕಂಡರೆ ಸಾಕೆ?

ಸಿರುಗುಪ್ಪದ ಬಳಿ ತುಂಗಭದ್ರೆಯನ್ನು ದಾಟಿದರೆ ರಾಯಚೂರು ಜಿಲ್ಲೆ. 1975ರ ಆಗಸ್ಟ್ 1ರಂದು ಆರಂಭವಾದ, ಉಪಗ್ರಹದ ಮೂಲಕ ಹಳ್ಳಿಗಳಿಗೆ ಟೆಲಿವಿಷನ್ ತಲುಪಿಸುವ ‘ಸೈಟ್’ ಪ್ರಯೋಗಕ್ಕೆ ಕರ್ನಾಟಕದಲ್ಲಿ ಗುಲ್ಬರ್ಗ, ಬಿಜಾಪುರಗಳೊಂದಿಗೆ ಈ ಜಿಲ್ಲೆಯೂ ಆಯ್ಕೆಯಾಗಿತ್ತು. ಅಮೆರಿಕದ ಎಟಿಎಸ್-6 ಉಪಗ್ರಹ 860 ಮೆಗಾಹರ್ಟ್ಸ್ ಆವೃತ್ತಿಯಲ್ಲಿ ಕಳುಹಿಸುತ್ತಿದ್ದ ಸಂಕೇತಗಳನ್ನು ತಂತಿಬಲೆಯ, 3 ಮೀಟರ್ ವ್ಯಾಸದ ಆಂಟೆನಾಗಳು ಹಳ್ಳಿಯಲ್ಲಿಯೇ ನೇರವಾಗಿ ಗ್ರಹಿಸುತ್ತಿದ್ದವು.

ಅದು ಅನುರೂಪ (ಅನಲಾಗ್) ಸಂಪರ್ಕ. ಸಂಕೇತ ಕ್ಷೀಣಿಸಿದಂತೆ ಪರದೆಯ ಮೇಲೆ ಬಿಳಿ ಚುಕ್ಕೆಗಳು ಹೆಚ್ಚುತ್ತಿದ್ದವು. ವಾಹಿನಿಯ ಗುಣಮಟ್ಟವನ್ನು ನೋಡುಗನ ಕಣ್ಣೇ ಅಳೆಯಬಹುದಾಗಿತ್ತು.

ಅಂಕೀಯ (ಡಿಜಿಟಲ್) ಸಂಪರ್ಕದಲ್ಲಿ ಹಾಗಲ್ಲ. ಇಲ್ಲಿ ರವಾನೆಯಾಗುವುದು 0 ಮತ್ತು 1 ಎಂಬ ಬಿಟ್‌ಗಳು. ಗದ್ದಲದಿಂದಾಗಿ ಎಷ್ಟು ಬಿಟ್‌ಗಳು ತಪ್ಪಾಗುತ್ತವೆ ಎಂಬ ‘ಬಿಟ್ ದೋಷದರ’ವೇ ಗುಣಮಟ್ಟದ ಅಳತೆ. ಗದ್ದಲವಿರುವ ವಾಹಿನಿಯಲ್ಲಿಯೂ, ಒಂದು ಮಿತಿಯೊಳಗೆ, ದೋಷವನ್ನು ಬೇಕಾದಷ್ಟು ಕಡಿಮೆ ಮಾಡಬಹುದೆಂದು ಕ್ಲಾಡ್ ಶಾನನ್ 1948ರಲ್ಲಿ ತೋರಿಸಿದರು. 1960ರಲ್ಲಿ ರೀಡ್ ಮತ್ತು ಸಾಲೊಮನ್ ರೂಪಿಸಿದ ಸಂಕೇತಕ್ರಮ ಮುಂದೆ ಉಪಗ್ರಹ ಟೆಲಿವಿಷನ್ನಿಗೂ ಬಂದಿತು. ಡಿವಿಬಿ-ಎಸ್ ಮಾನಕದಲ್ಲಿ 188 ಬೈಟ್‌ಗಳಿಗೆ 16 ಬೈಟ್ ಸೇರಿಸುತ್ತಾರೆ. ಇದರಿಂದ 8 ಬೈಟ್‌ಗಳವರೆಗಿನ ತಪ್ಪನ್ನು ತಿದ್ದಬಹುದು. ಈ ಹಂತಕ್ಕೆ ಬರುವಾಗ 10,000 ಬಿಟ್‌ಗಳಲ್ಲಿ 2 ತಪ್ಪಿದ್ದರೂ, ತಿದ್ದಿದ ಬಳಿಕ ಸಾವಿರ ಕೋಟಿ ಬಿಟ್‌ಗಳಲ್ಲಿ ಒಂದೂ ತಪ್ಪು ಉಳಿಯುವುದು ಅಪರೂಪ.

ಈ ವರವೇ ಒಂದು ತೊಡಕು. ತಿದ್ದುಪಡಿಯ ಮಿತಿ ಮೀರುವವರೆಗೆ ಚಿತ್ರ ನಿರ್ಮಲ; ಮೀರಿದೊಡನೆ ಚೌಕಗಳಾಗಿ ಒಡೆದು ನಿಂತುಬಿಡುತ್ತದೆ. ಅಂಚಿನಲ್ಲಿರುವ ವಾಹಿನಿಯೂ ಗಟ್ಟಿಯಾದ ವಾಹಿನಿಯೂ ಕಣ್ಣಿಗೆ ಒಂದೇ.

ಶಿಕ್ಷಣಕ್ಕೆಂದೇ 2004ರ ಸೆಪ್ಟೆಂಬರ್ 20ರಂದು ಹಾರಿಸಿದ ಎಜುಸ್ಯಾಟ್ ಉಪಗ್ರಹ ಹೆಚ್ಚಾಗಿ ಕೆಯು ಪಟ್ಟಿಯನ್ನು ಬಳಸಿತು. ಅದರ ಮೊದಲ ಪ್ರಯೋಗಗಳಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಭಾಗಿಯಾಗಿತ್ತು. 860 ಮೆಗಾಹರ್ಟ್ಸ್ ಅಲೆಗೆ ಮಳೆಯ ಅಡ್ಡಿ ನಗಣ್ಯ. ಆದರೆ ಕೆಯು ಪಟ್ಟಿಯ ಸುಮಾರು 2.5 ಸೆಂಟಿಮೀಟರ್ ಅಲೆಯನ್ನು ಮಳೆಹನಿಗಳು ಹೀರುತ್ತವೆ, ಚದುರಿಸುತ್ತವೆ. ಬಳ್ಳಾರಿ ಮಳೆ ಕಡಿಮೆಯ ಊರು, ನಿಜ. ಆದರೆ ಇಲ್ಲಿ ಲೆಕ್ಕಕ್ಕೆ ಬರುವುದು ವರ್ಷದ ಒಟ್ಟು ಮಳೆಯಲ್ಲ, ಸುರಿಯುವ ತೀವ್ರತೆ. ಕುರುಗೋಡಿನ ಮೇಲೆ ಅರ್ಧ ಗಂಟೆ ಬಿರುಮಳೆ ಸುರಿದರೂ ಪಾಠ ನಿಲ್ಲಬಹುದು.

ಡಿಶ್ ತುಸು ಓರೆಯಾಗಿದ್ದರೂ ಬೇಸಿಗೆಯಲ್ಲಿ ಯಾರಿಗೂ ತಿಳಿಯದು. ಹಾಗಾಗಿ ಅದನ್ನು ಕೂರಿಸುವಾಗ ಚಿತ್ರವನ್ನಷ್ಟೇ ನೋಡದೆ ದೋಷದರವನ್ನೂ, ಸಂಕೇತ-ಗದ್ದಲ ಅನುಪಾತವನ್ನೂ ಅಳೆದು ಬರೆದಿಡಬೇಕು. ಮಿತಿಗಿಂತ ಎಷ್ಟು ಡೆಸಿಬೆಲ್ ಮೇಲಿದ್ದೇವೆ ಎಂಬುದೇ ಮಳೆಗಾಲದ ಪಾಠಕ್ಕೆ ನಾವು ಕೊಡಬಹುದಾದ ಭರವಸೆ.